ತಪ್ಪು ತಿದ್ದಿಕೊಂಡು ಕೇಳುತ್ತಿದ್ದ ಮೇಡಂ

ಅವರ ಎಡಗಿವಿಯ ಮೇಲಿನ ಕೂದಲು ಯಾವಾಗಲೂ ಬೆಳ್ಳಗಿರುತ್ತಿತ್ತು. ಉಳಿದ ತಲೆಯೆಲ್ಲ ಕಪ್ಪು, ಎಣ್ಣೆ ಹಚ್ಚಿ ಬಿಗಿಯಾಗಿ ಹಿಂದಕ್ಕೆ ಬಾಚಿದ್ದು. ಕಿವಿಯ ಮೇಲೆ ಮಾತ್ರ ಅಂಗೈಯಗಲದ ಬಿಳುಪು. ಮೊದಮೊದಲು ನಾವು ಅದನ್ನು ನರೆ ಎಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಅದು ಸೀಮೆಸುಣ್ಣದ ಪುಡಿ. ತರಗತಿಯಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, ಮೇಡಂ ಸೀಮೆಸುಣ್ಣ ಹಿಡಿದ ಕೈಯನ್ನೇ ಬೊಗಸೆ ಮಾಡಿ ಕಿವಿಯ ಹಿಂದಿಟ್ಟು, ಮುಂದಕ್ಕೆ ಬಾಗಿ, ಕಣ್ಣರಳಿಸಿ ನಿಲ್ಲುತ್ತಿದ್ದರು. ಅವರ ಬಲಗಿವಿ ಚಿಕ್ಕಂದಿನಲ್ಲೇ ಹೋಗಿತ್ತು. ಎಡಗಿವಿ ಅರ್ಧ ಕೇಳುತ್ತಿತ್ತು, ಅದಕ್ಕೊಂದು ಯಂತ್ರ ಇತ್ತು. ಕೈ ಹತ್ತಿರ ಹೋದೊಡನೆ ಆ ಯಂತ್ರ ಕುಂಯ್ ಎಂದು ಕೂಗುತ್ತಿತ್ತು.

"ನೋಡ್ರಿ, ನಿಮ್ಮ ಪ್ರಶ್ನಿ ಕೇಳಿ ನನ್ನ ಕಿವಿನೇ ಸೀಟಿ ಹೊಡಿಲಿಕತ್ತದ!" ಎಂದು ಮೊದಲು ನಗುವವರು ಅವರೇ. ಹಾಗಾಗಿ ನಮಗೆ ನಗಲು ಭಯವಿರಲಿಲ್ಲ.

ನಾನು ಔರಾದಿನವಳು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಬೀದರಿನ ಎಂಜಿನಿಯರಿಂಗ್ ಕಾಲೇಜಿಗೆ ಬಂದ ಮೇಲೆ ಇಂಗ್ಲಿಷು. ನಮ್ಮ ಹುಡುಗಿಗೆ ಮೂರು ಭಾಷೆ ಬರುತ್ತವೆ ಎಂದು ಮನೆಯವರು ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದರು. ತರಗತಿಯಲ್ಲಿ ಮಾತ್ರ ಮೂರರಲ್ಲಿ ಒಂದೂ ನನ್ನ ಬಾಯಿಗೆ ಬರುತ್ತಿರಲಿಲ್ಲ. ಮೊದಲೆರಡು ವರ್ಷ ಯಾವ ಅಧ್ಯಾಪಕರಿಗೂ ನಾನು ಒಂದು ಪ್ರಶ್ನೆ ಕೇಳಿದವಳಲ್ಲ. ಮೂರನೆಯ ವರ್ಷ ಈ ಮೇಡಂ ನಮಗೆ ಪಾಠಕ್ಕೆ ಬಂದರು. ವಿಷಯದ ಹೆಸರು ಕೇಳಿದರೇ ಆಕಳಿಕೆ ಬರುವಂಥದು: ಮಾಹಿತಿ ಸಿದ್ಧಾಂತ ಮತ್ತು ಸಂಕೇತೀಕರಣ. ಸೀದಾ ಹೇಳಬೇಕೆಂದರೆ, ರೇಡಿಯೊ ಅಲೆಗಳ ಮೇಲೆ ಸೊನ್ನೆ-ಒಂದುಗಳಾಗಿ ಹೊರಟ ಸಂದೇಶ ದಾರಿಯಲ್ಲಿ ಗದ್ದಲಕ್ಕೆ ಸಿಕ್ಕಿ ಕೆಟ್ಟರೂ ಆಚೆ ಕಡೆಯವರು ಅದನ್ನು ಸರಿಪಡಿಸಿಕೊಂಡು ಓದುವುದು ಹೇಗೆ ಎಂಬ ವಿದ್ಯೆ.

ಮೇಡಂ ಭಾಲ್ಕಿಯವರು. ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಇದ್ದರು. ದಿನವೂ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದರು. ಮೊದಲ ದಿನ ತರಗತಿಗೆ ಬಂದವರೇ, ಹೆಸರು ಹೇಳಿಕೊಳ್ಳದೆ, ಹಾಜರಿ ಕೂಗದೆ, "ಇವತ್ತ ನಮ್ಮ ಗಾಡಿ ಲೇಟಾಗಿ ಬಂತರಿ" ಎಂದರು. ನಾವು ಸುಮ್ಮನೆ ಕೂತಿದ್ದೆವು. ಸ್ವಲ್ಪ ತಡೆದು, "ಇವತ್ತ ನಮ್ಮ ಗಾಡಿ ಬರೋಬ್ಬರಿ ಟೈಮಿಗೆ ಬಂತರಿ" ಎಂದರು. ಎಲ್ಲರೂ ತಲೆಯೆತ್ತಿ ನೋಡಿದೆವು. ಒಬ್ಬ ಹುಡುಗ "ಖರೇನೇ ಮೇಡಂ?" ಎಂದೂ ಕೇಳಿಬಿಟ್ಟ.

"ಹಾಂ! ಇದರಿ ಮಾಹಿತಿ ಅಂದ್ರ. ಲೇಟಾಗಿ ಬಂತು ಅಂದಾಗ ಯಾರೂ ಕಿವಿ ನಿಮಿರಸಲಿಲ್ಲ. ಅದು ನಿಮಗ ಮೊದಲೇ ಗೊತ್ತದ. ಟೈಮಿಗೆ ಬಂತು ಅಂದಾಗ ಎಲ್ಲಾರೂ ಎದ್ದು ಕುಂತ್ರಿ. ಎಷ್ಟು ಆಶ್ಚರ್ಯನೋ ಅಷ್ಟು ಮಾಹಿತಿ. ಈಗ ಇದನ್ನ ಲೆಕ್ಕದಾಗ ಬರೀಬೇಕು, ಅಷ್ಟೇ."

ಆ 'ಅಷ್ಟೇ' ಮುಂದೆ ಮೂರು ಹಲಗೆ ತುಂಬುವಷ್ಟು ಲೆಕ್ಕವಾಯಿತೆಂಬುದು ಬೇರೆ ಮಾತು. ಆದರೆ ಲೆಕ್ಕ ಯಾತಕ್ಕೆ ಎಂಬುದು ಅಂದೇ ನಮ್ಮ ತಲೆಗೆ ಹೋಗಿತ್ತು.

ನಮ್ಮ ಕಾಲೇಜಿನ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ಹಾರುತ್ತಲೇ ಇರುತ್ತವೆ. ಅವು ತಲೆಯ ಮೇಲೆ ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ಮುಂದುವರಿಸುವುದು ಬೀದರಿನವರಿಗೆಲ್ಲ ರೂಢಿ. ಮೇಡಂ ಮಾತ್ರ ವಿಮಾನಕ್ಕಾಗಿ ಕಾಯುತ್ತಿದ್ದರು. ಒಂದು ದಿನ ನನ್ನನ್ನು ಹಿಂದಿನ ಬೆಂಚಿನ ಹತ್ತಿರ ನಿಲ್ಲಿಸಿ ಕೈಗೆ ಚೀಟಿಯೊಂದನ್ನು ಕೊಟ್ಟರು. ಅದರಲ್ಲಿ ಮಳಿ, ಬಳಿ, ತಳಿ ಎಂದಿತ್ತು. ವಿಮಾನ ಬಂದಾಗ ಇವುಗಳಲ್ಲಿ ಒಂದನ್ನು ಕೂಗಬೇಕು, ಮುಂದಿನ ಬೆಂಚಿನವರು ಯಾವುದೆಂದು ಹೇಳಬೇಕು. ವಿಮಾನ ಬಂತು, ನಾನು ಕೂಗಿದೆ. ಒಬ್ಬರು ಮಳಿ ಎಂದರು, ಇನ್ನೊಬ್ಬರು ಬಳಿ ಎಂದರು, ಒಬ್ಬಳಂತೂ 'ಇಲಿ' ಎಂದಳು. ಮೇಡಂ ಚೀಟಿಯನ್ನು ತಿರುಗಿಸಿದರು. ಆ ಮಗ್ಗುಲಲ್ಲಿ ಮಳಿ, ಕೊತ್ತಂಬರಿ, ಬೈಸಿಕಲ್ ಎಂದಿತ್ತು. ಮುಂದಿನ ವಿಮಾನಕ್ಕೆ ಮತ್ತೆ ಕೂಗಿದೆ. ಎಷ್ಟು ಗದ್ದಲವಿದ್ದರೂ ಎಲ್ಲರೂ ಒಂದೇ ಸಲಕ್ಕೆ ಸರಿಯಾಗಿ ಹೇಳಿದರು.

"ಗದ್ದಲ ಅಷ್ಟೇ ಇತ್ತು. ಬಾಯಿನೂ ಆಕೀದೇ ಇತ್ತು. ಏನ ಬದಲಾತು?" ಎಂದು ಕೇಳಿ ತಾವೇ ಉತ್ತರ ಹೇಳಿದರು: "ಮಾತು ಒಂದಕ್ಕೊಂದು ದೂರ ಆದ್ವು. ಇದ್ರಾಗಿಂದ ಜರಾ ಕೆಟ್ಟರೂ ಅದ್ರಂಗ ಕಾಣೂದಿಲ್ಲ. ನಾವು ಗದ್ದಲ ನಿಲ್ಲಸಲಿಕ್ಕೆ ಆಗೂದಿಲ್ಲರಿ. ಮಾತು ಮಾತ್ರ ನಮ್ಮ ಕೈಯಾಗ ಅದ."

ಅದೇ ದಿನ, ಪಾಠ ಮುಗಿಯುವ ಹೊತ್ತಿಗೆ, ನಾನು ಬೆಂಚಿನ ಬಳಿಯೇ ಇನ್ನೂ ನಿಂತಿದ್ದೆ. ಹಲಗೆಯ ಮೇಲಿನ ಒಂದು ಸಾಲು ನನಗೆ ತಿಳಿದಿರಲಿಲ್ಲ. ಕೇಳಲು ಹೋದಾಗ ಬಾಯಿಂದ ಬಂದದ್ದು ಮರಾಠಿ: "ಮಲಾ ಕಳಲಂ ನಾಹಿ." ನನಗೆ ತಿಳಿಯಲಿಲ್ಲ ಎಂದು. ತರಗತಿ ಗೊಳ್ಳೆಂದಿತು. ಮೇಡಂ ಕೈಯನ್ನು ಕಿವಿಗಿಟ್ಟರು.

"ಕೇಳಸಲಿಲ್ಲ ತಂಗಿ. ಅದೇ ಮಾತು ಮತ್ತ ಹೇಳಬ್ಯಾಡ, ಮತ್ತ ಅಲ್ಲೇ ಕೆಡ್ತದ. ಬ್ಯಾರೆ ಮಾತಿನಾಗ ಹೇಳು."

ನಾನು ಕನ್ನಡದಲ್ಲಿ ಹೇಳಿದೆ, ಅರ್ಧಕ್ಕೆ ನಿಂತೆ. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಹೋದೆ, ಅದೂ ಪೂರ್ತಿಯಾಗಲಿಲ್ಲ. ಆದರೆ ಮೂರು ತುಂಡುಗಳನ್ನು ಕೂಡಿಸಿ ನನ್ನ ಪ್ರಶ್ನೆಯೇನೆಂದು ಅವರು ತಿಳಿದುಕೊಂಡರು. ಖುಷಿಯಿಂದ ಕೈಯನ್ನು ಮೇಜಿಗೆ ಬಡಿದು, "ನೋಡ್ರಿ, ನಗಬ್ಯಾಡ್ರಿ! ನೀವು ಒಂದ ಭಾಷಾದಾಗ ಹೇಳಿದ್ರ ಅದು ಕೆಟ್ಟರ ಮುಗೀತು. ಈಕಿ ಮೂರದಾಗ ಹೇಳ್ತಾಳ. ಎರಡು ಕೆಟ್ಟರೂ ಒಂದು ಮುಟ್ಟತದ" ಎಂದರು. ಅಲ್ಲಿಯವರೆಗೆ ನನಗೆ ನಾಚಿಕೆಯಾಗಿದ್ದ ಕಲಸುಮೇಲೋಗರದ ಭಾಷೆಯನ್ನು ಯಾರೂ ಹೀಗೆ ಹೊಗಳಿರಲಿಲ್ಲ. ಅವತ್ತಿನಿಂದ ನಾನು ಪ್ರಶ್ನೆ ಕೇಳತೊಡಗಿದೆ. ಆಮೇಲಾಮೇಲೆ "ನೀ ಇನ್ನ ಕುಂದ್ರು, ಬ್ಯಾರೆಯವರೂ ಕೇಳಲಿ" ಎಂದು ಅವರೇ ಗದರಿಸುವಷ್ಟು.

ಕ್ಯಾಂಟೀನಿನಲ್ಲೂ ಅವರ ಪಾಠ ನಿಲ್ಲುತ್ತಿರಲಿಲ್ಲ. ಕ್ಯಾಂಟೀನಿನ ಚಾಚಾ ಒಲೆಯ ಸದ್ದಿನಲ್ಲಿ ಅರ್ಧ ಕೇಳಿಸಿಕೊಂಡು ಏನೇನೋ ತಂದಿಡುತ್ತಿದ್ದರು. ಮೇಡಂ ಮಾತ್ರ, "ಮೂರು ಚಾ, ಎರಡು ಸುಸಲಾ, ಒಟ್ಟ ಐದು" ಎಂದು ಕೂಗುತ್ತಿದ್ದರು. ಚಾಚಾ ಒಮ್ಮೆ ಕಿಟಕಿಯಿಂದ ತಲೆ ಹಾಕಿ, "ಮೇಡಂ, ಐದು ಆಗಲಿಲ್ಲರಿ! ಏನೋ ಒಂದು ಕಮ್ ಬಿತ್ತು, ಮತ್ತೊಮ್ಮೆ ಬೋಲೋ" ಎಂದಾಗ ಮೇಡಂ ಹಿಗ್ಗಿದ್ದನ್ನು ನೋಡಬೇಕಿತ್ತು. ಸಂದೇಶದ ಬಾಲಕ್ಕೆ ಒಂದು ಮೊತ್ತ ಕಟ್ಟಿ ಕಳಿಸಿದರೆ ತಪ್ಪು ಸಿಕ್ಕಿಬೀಳುತ್ತದೆ ಎಂಬ ಅಧ್ಯಾಯವನ್ನು ನಾವು ಮಂಡಕ್ಕಿಯ ಸುಸಲಾ ತಿನ್ನುತ್ತಲೇ ಮುಗಿಸಿದೆವು.

ನಾವು ಕೊನೆಯ ವರ್ಷಕ್ಕೆ ಬಂದಾಗ ಅವರಿಗೆ ಜ್ವರ ಬಂತು. ಹೈದರಾಬಾದಿನ ಆಸ್ಪತ್ರೆಗೆ ಹೋಗಿ ಬಂದರು. ಜ್ವರ ಇಳಿಯಿತು, ಆದರೆ ಎಡಗಿವಿಯಲ್ಲಿ ಉಳಿದಿದ್ದ ಅರ್ಧವೂ ಹೋಯಿತು. ಯಂತ್ರ ಇಟ್ಟರೂ ಏನೂ ಕೇಳುತ್ತಿರಲಿಲ್ಲ. ಅವರ ಪಾಠವನ್ನು ನಮ್ಮ ಕಿರಿಯರಿಗೆ ಹೊಸಬರೊಬ್ಬರು ಮಾಡತೊಡಗಿದರು. ನಮ್ಮ ವಿಭಾಗದ ಮುಖ್ಯಸ್ಥರು ಒಳ್ಳೆಯವರು, ಮೇಡಂ ಬಗ್ಗೆ ಅವರಿಗೆ ಗೌರವವಿತ್ತು. ಕೆಲಸ ಹೋಗದಿರಲೆಂದು ಪರೀಕ್ಷಾ ವಿಭಾಗದಲ್ಲಿ ಅವರಿಗೊಂದು ಕುರ್ಚಿಯನ್ನು ಗೊತ್ತು ಮಾಡಿಟ್ಟರು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಆದರೂ ಆ ಸುದ್ದಿ ಕೇಳಿದ ದಿನ ನಮಗೆ ಊಟ ಸೇರಲಿಲ್ಲ. ನಮ್ಮ ಪ್ರಾಜೆಕ್ಟಿಗೆ ಮಾರ್ಗದರ್ಶಕರೂ ಅವರೇ. ಪ್ರಾಜೆಕ್ಟಿನಲ್ಲಿ ನಾವು ಮೂವರು ಹುಡುಗಿಯರಿದ್ದೆವು: ನಾನು, ಚಿದ್ರಿಯ ಒಬ್ಬಳು, ಮನ್ನಳ್ಳಿಯ ಒಬ್ಬಳು. ಒಂದು ಭಾನುವಾರ ಮೂವರೂ ಭಾಲ್ಕಿಯ ರೈಲು ಹತ್ತಿದೆವು.

ಬಾಗಿಲು ತೆರೆದವರು ಅವರ ತಾಯಿ. ವಿಭೂತಿ ಹಚ್ಚಿದ ಅಗಲ ಹಣೆ, ಮಗಳದೇ ಕಣ್ಣು. "ಬರ್ರಿ ಬರ್ರಿ, ಒಳಗ ಬರ್ರಿ. ಆಕಿ ಹಿಂದಿನ ಕ್ವಾಣ್ಯಾಗ ಅದಾಳ. ಕೂಗಿದ್ರ ಬರೂದಿಲ್ಲ, ಹೋಗಿ ಮುಂದ ನಿಲ್ರಿ" ಎಂದರು. ಹೋಗಿ ಮುಂದೆ ನಿಂತೆವು. ಮೇಡಂ ನಕ್ಕರು. ಆದರೆ ಅದು ಅವರ ನಗು ಅಲ್ಲ, ಬಂದವರಿಗಾಗಿ ಮಾಡಿದ ನಗು. ತಲೆಯ ಮೇಲೆ ಸೀಮೆಸುಣ್ಣದ ಪುಡಿಯೂ ಇರಲಿಲ್ಲ. ಪರೀಕ್ಷಾ ವಿಭಾಗದ ಕೆಲಸ ಒಪ್ಪಿಕೊಂಡಿರುವುದಾಗಿ ಹೇಳಿದರು. ಅವರ ಮಾತು ಮೊದಲಿನಂತೆಯೇ ಸ್ಪಷ್ಟವಾಗಿತ್ತು. ನಾನು ತಡೆಯಲಾರದೆ ಕಾಗದದ ಮೇಲೆ ಬರೆದು ತೋರಿಸಿದೆ: ನಿಮಗೆ ಮಾತು ಬರುತ್ತದಲ್ಲ, ಪಾಠ ಮಾಡಬಹುದಲ್ಲ ಎಂದು.

"ಹೇಳೂದು ಎಲ್ಲಾರಿಗೂ ಬರ್ತದ ತಂಗಿ" ಎಂದರು. "ಕಲಸೂದು ಅಂದ್ರ ಕೇಳೂದು. ಹುಡುಗರಿಗೆ ಎಲ್ಲಿ ತಿಳೀಲಿಲ್ಲಂತ ಅವರ ಬಾಯಿಂದ ಕೇಳಬೇಕು. ಅದು ಇಲ್ಲಂದ್ರ ನಾ ಹಲಗಿಗೆ ಪಾಠ ಹೇಳಿದಂಗ ಆಗ್ತದ."

ಚಿದ್ರಿಯ ಗೆಳತಿ ಸುಮ್ಮನಿರುವವಳಲ್ಲ. ತನ್ನ ಫೋನನ್ನು ತೆಗೆದು, ಮಾತನಾಡಿದ್ದನ್ನು ಅಕ್ಷರಕ್ಕಿಳಿಸುವ ಆ್ಯಪ್ ತೆರೆದು ಮೇಡಂ ಮುಂದಿಟ್ಟಳು. ಆ ಆ್ಯಪಿಗೆ ಕನ್ನಡ ಬರುತ್ತಿತ್ತು, ಆದರೆ ನಮ್ಮ ಕಡೆಯ ಕನ್ನಡವಲ್ಲ. ಅಷ್ಟರಲ್ಲಿ ತಾಯಿ ಕೈಯಲ್ಲಿ ಕಪ್ಪು-ಬಸಿಗಳನ್ನು ಹಿಡಿದುಕೊಂಡು ಬಂದು, ಅವರ ಗಟ್ಟಿ ದನಿಯಲ್ಲಿ, "ಎಲ್ಲಾರೂ ಚಾ ಕುಡೀತೀರಿ?" ಎಂದು ಕೇಳಿದರು.

ಫೋನಿನ ಮೇಲೆ ಅಕ್ಷರ ಮೂಡಿತು: ಎಲ್ಲಾರೂ ಚಾಕು ಹಿಡಿತೀರಿ?

ಮೇಡಂ ಅದನ್ನು ಓದಿದರು. ತಾಯಿಯನ್ನು ನೋಡಿದರು. ಮತ್ತೆ ಓದಿದರು. ಆಮೇಲೆ ಅವರ ಹೊಟ್ಟೆಯಿಂದ ನಗು ಎದ್ದಿತು, ನಮಗೆ ಪರಿಚಯದ ಅದೇ ನಗು. ಕಣ್ಣೀರು ಬರುವವರೆಗೆ ನಕ್ಕರು. "ಅವ್ವಾ, ಬಂದ ಹುಡುಗ್ಯಾರಿಗೆ ಚಾಕು ಹಿಡೀರಿ ಅಂತೀಯಲ್ಲ!" ತಾಯಿಗೆ ತಲೆಬುಡ ತಿಳಿಯದೆ, "ನಾ ಎಲ್ಲಿ ಚಾಕು ಅಂದೆ? ಏನ ಹೇಳ್ತದ ಆ ಫೋನು?" ಎಂದು ನಮ್ಮ ಮೇಲೆ ರೇಗಿದರು. ಅದನ್ನೂ ಫೋನು ಇನ್ನೇನೋ ಮಾಡಿ ಬರೆಯಿತು. ಇನ್ನಷ್ಟು ನಗು.

ನಗು ನಿಂತ ಮೇಲೆ ಮೇಡಂ ಫೋನನ್ನೇ ದಿಟ್ಟಿಸುತ್ತ ಕೂತರು. "ಆದ್ರ ನನಗ ತಿಳೀತು ನೋಡ್ರಿ" ಎಂದು ಮೆಲ್ಲಗೆ ಹೇಳಿದರು. "ಫೋನ್ ತಪ್ಪ ಬರೀತು. ಆದ್ರ ಅವ್ವನ ಕೈಯಾಗ ಬಸಿ ಅದ, ಮನಿಗೆ ಮಂದಿ ಬಂದದ. ಚಾಕು ಅಲ್ಲ, ಚಾ ಅಂತ ನನಗ ಗೊತ್ತಾತು. ತಪ್ಪು ಬಂದ್ರೂ ನಾ ತಿದ್ದಿಕೋಬಹುದು." ಕೂಡಲೇ ಎದ್ದು, ಗೋಡೆಯ ಗೂಡಿನಲ್ಲಿ ಹುಡುಕಿ, "ಅವ್ವಾ, ಖಡು ಎಲ್ಲಿ ಅದ?" ಎಂದರು. ತುಂಡು ಸೀಮೆಸುಣ್ಣ ಸಿಕ್ಕಿತು. ಹಿಂದಿನ ಕೋಣೆಯ ಕರಿ ಬಾಗಿಲ ಮೇಲೆ ನಮ್ಮ ಪ್ರಾಜೆಕ್ಟಿನ ಮೊದಲ ಚಿತ್ರವನ್ನು ಅವರು ಬರೆದದ್ದು ಹೀಗೆ. ಚಾ ಆರಿಹೋಗಿತ್ತು. ತಾಯಿ ಮತ್ತೆ ಮಾಡಿಕೊಟ್ಟರು.

ತರಗತಿಯಲ್ಲಿ ಫೋನನ್ನು ಸುಮ್ಮನೆ ಮೇಜಿನ ಮೇಲಿಟ್ಟರೆ ಅದಕ್ಕೆ ಫ್ಯಾನಿನ ಸದ್ದು, ಬೆಂಚಿನ ಸದ್ದು, ವಿಮಾನದ ಸದ್ದು ಎಲ್ಲ ಕೇಳಿ ಏನೂ ತಿಳಿಯುವುದಿಲ್ಲ. ಪ್ರಶ್ನೆ ಕೇಳುವವರ ಬಾಯಿಯ ಹತ್ತಿರವೇ ಒಂದು ಮೈಕು ಬೇಕು, ಅದು ಬೆಂಚಿನಿಂದ ಬೆಂಚಿಗೆ ಸಾಗಬೇಕು, ಅದರ ದನಿ ರೇಡಿಯೊ ಅಲೆಯ ಮೇಲೆ ಮೇಡಂ ಮೇಜಿನ ಯಂತ್ರಕ್ಕೆ ಬಂದು, ಅಲ್ಲಿಂದ ಫೋನಿಗೆ ಹೋಗಿ, ಗೋಡೆಯ ಪರದೆಯ ಮೇಲೆ ಅಕ್ಷರವಾಗಿ ಬೀಳಬೇಕು. ಇದು ನಮ್ಮ ಯೋಜನೆ. ಅಂಥ ಮೈಕು ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಮನ್ನಳ್ಳಿಯ ಗೆಳತಿ ಕೇಳಿದ್ದಳು. "ಸಿಗ್ತದ. ತಂದ್ರ ನನ್ನ ಕೆಲಸ ಆಗ್ತದ, ನಿಮ್ಮ ಕಲಿಯೂದು ಆಗೂದಿಲ್ಲ" ಎಂದು ಮೇಡಂ ಆ ಮಾತನ್ನು ಅಲ್ಲಿಗೇ ಮುಗಿಸಿದರು.

ನಮ್ಮ ಯಂತ್ರದ ಪ್ರದರ್ಶನ ಆಗುವವರೆಗೆ ಪರೀಕ್ಷಾ ವಿಭಾಗದ ಕೆಲಸ ತಡೆಹಿಡಿಯಲು ಮೇಡಂ ಮುಖ್ಯಸ್ಥರನ್ನು ಒಪ್ಪಿಸಿದರು. ರಜೆಯಲ್ಲಿದ್ದರೂ ವಾರಕ್ಕೆರಡು ಸಲ ಕಾಲೇಜಿಗೆ ಬರತೊಡಗಿದರು. ನಮ್ಮ ಮೊದಲ ಮೈಕು ಸಾಬೂನಿನ ಡಬ್ಬಿಯಲ್ಲಿ ಕೂತಿತ್ತು. ಖಾಲಿ ಕೋಣೆಯಲ್ಲಿ ಅದು ಚೆನ್ನಾಗಿಯೇ ಮಾತನಾಡಿತು. ನಿಜವಾದ ತರಗತಿಗೆ ತಂದ ದಿನ ಕೆಟ್ಟಿತು. ತರಗತಿಯ ಗೋಡೆಗೆ ಹೊಂದಿಕೊಂಡೇ ವರ್ಕ್‌ಶಾಪ್ ಇತ್ತು. ಅಲ್ಲಿ ವೆಲ್ಡಿಂಗಿನ ಕಿಡಿ ಹಾರಿದಾಗಲೆಲ್ಲ ನಮ್ಮ ರೇಡಿಯೊದ ಸೊನ್ನೆ-ಒಂದುಗಳು ಸಾಲುಸಾಲಾಗಿ ಸತ್ತುಹೋಗುತ್ತಿದ್ದವು. ಅಲ್ಲೊಂದು ಇಲ್ಲೊಂದು ಕೆಟ್ಟರೆ ತಿದ್ದುವ ಸಂಕೇತವನ್ನು ನಾವು ಆಗಲೇ ಸೇರಿಸಿದ್ದೆವು. ಒಂದೇ ಕಡೆ ಇಷ್ಟೊಂದು ಕೆಟ್ಟರೆ ಅದು ಕೈಚೆಲ್ಲುತ್ತಿತ್ತು. ಇಡೀ ಪದವೇ ಮಾಯವಾಗುತ್ತಿತ್ತು. ನಾವು ಮೂವರೂ ಪೆಚ್ಚುಮೋರೆ ಹಾಕಿಕೊಂಡು ಕೂತೆವು. ವೆಲ್ಡಿಂಗ್ ಮಾಡದ ವೇಳೆ ನೋಡಿ ಪ್ರದರ್ಶನ ಇಟ್ಟುಕೊಳ್ಳೋಣವೇ ಎಂದು ಚಿದ್ರಿಯವಳು ಕಾಗದದ ಮೇಲೆ ಬರೆದು ಕೇಳಿದಳು.

ಮೇಡಂ ಬೇಡವೆಂದು ತಲೆಯಾಡಿಸಿದರು. "ಶಾಂತ ಇದ್ದಾಗ ಯಾರಿಗರ ಕೇಳಸ್ತದ. ಅದ್ರಾಗೇನದ?" ಎಂದು, ಸ್ವಲ್ಪ ಯೋಚಿಸಿ, "ನೀವು ಮದುವಿಗೆ ನಾಕು ಜೀಪಿನಾಗ ಮಂದಿ ಕಳಸ್ತೀರಿ ಅಂತ ತಿಳೀರಿ. ಒಂದ ಮನಿಯವರನ್ನ ಒಂದ ಜೀಪಿನಾಗ ತುಂಬಿದ್ರಿ. ಹಾದ್ಯಾಗ ಒಂದು ಜೀಪ್ ಕೆಟ್ಟು ನಿಂತಿತು. ಏನಾತು? ಆ ಮನಿಯಿಂದ ಮದುವಿಗೆ ಒಬ್ಬರೂ ಬರಲಿಲ್ಲ. ಮಂದಿ ಸುಮ್ಮ ಇರ್ತಾರೇನು? ಅದ್ಕ ಒಂದ ಮನಿಯವರನ್ನ ನಾಕೂ ಜೀಪಿನಾಗ ಹಂಚ್ರಿ. ಆವಾಗ ಜೀಪ್ ಕೆಟ್ಟರೂ ಎಲ್ಲಾ ಮನಿಯಿಂದ ಒಬ್ಬಿಬ್ಬರು ಕಮ್ಮಿ ಆಗ್ತಾರ, ಅಷ್ಟೇ. ಒಬ್ಬಿಬ್ಬರ ಕಮ್ಮಿಯನ್ನ ನಿಮ್ಮ ಸಂಕೇತ ತುಂಬಿಕೋತದ" ಎಂದರು.

ಪುಸ್ತಕದಲ್ಲಿ ಅದಕ್ಕೊಂದು ದೊಡ್ಡ ಹೆಸರಿದೆ. ಪ್ರತಿ ಪದದ ತುಣುಕುಗಳನ್ನು ಅಕ್ಕಪಕ್ಕ ಇಡದೆ, ಬೇರೆ ಬೇರೆ ಪದಗಳ ತುಣುಕುಗಳ ನಡುವೆ ಹಂಚಿ ಕಳಿಸುವುದು, ಆಚೆ ಕಡೆ ಮತ್ತೆ ಅವುಗಳನ್ನು ಒಟ್ಟುಗೂಡಿಸುವುದು. ನಮ್ಮಲ್ಲಿ ಅದರ ಹೆಸರು ಕೊನೆಯವರೆಗೂ 'ಜೀಪು' ಎಂದೇ ಉಳಿಯಿತು. ಆ ಜೀಪುಗಳನ್ನು ಸರಿಹೊಂದಿಸಲು ನಮಗೆ ತಿಂಗಳೇ ಹಿಡಿಯಿತು. ಮೊದಲ ಸಲ ವೆಲ್ಡಿಂಗಿನ ನಡುವೆಯೂ ಪೂರ್ತಿ ವಾಕ್ಯ ಗೋಡೆಯ ಮೇಲೆ ಮೂಡಿದಾಗ ಮನ್ನಳ್ಳಿಯವಳು ಬೆಂಚಿನ ಮೇಲೆ ಹತ್ತಿ ಕುಣಿದಳು.

ಪ್ರದರ್ಶನ ನಡೆದದ್ದು ನಮ್ಮ ಕಿರಿಯರ ತರಗತಿಯಲ್ಲಿ. ಪ್ರಾಂಶುಪಾಲರೂ ವಿಭಾಗದ ಮುಖ್ಯಸ್ಥರೂ ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಮೇಡಂ ಇನ್ನು ಪಾಠ ಮಾಡುವುದೋ ಪರೀಕ್ಷಾ ವಿಭಾಗಕ್ಕೆ ಹೋಗುವುದೋ ಅಂದೇ ತೀರ್ಮಾನವಾಗಬೇಕಿತ್ತು. ಮೇಡಂ ಹಸಿರು ಇಳಕಲ್ ಸೀರೆಯುಟ್ಟು, ಮದುವೆಮನೆಗೆ ಬಂದವರಂತೆ ಹೊಳೆಯುತ್ತಿದ್ದರು. ಪಾಠ ಶುರುಮಾಡುವ ಮೊದಲು ಕಿಟಕಿಯ ಬಳಿ ಹೋಗಿ ವರ್ಕ್‌ಶಾಪಿನವರಿಗೆ ಕೂಗಿ ಹೇಳಿದರು:

"ಮಾಸ್ತರ್ರೇ, ಇನ್ನ ವೆಲ್ಡಿಂಗ್ ಹಚ್ಚರಿ! ಜೋರ್ ಹಚ್ಚರಿ!"

ಮುಖ್ಯಸ್ಥರು ಬೆಚ್ಚಿ ನನ್ನನ್ನು ನೋಡಿದರು. ಆಚೆ ಕಿಡಿ ಹಾರತೊಡಗಿತು. ಸಾಬೂನಿನ ಡಬ್ಬಿ ಮೊದಲು ಹೋದದ್ದು ಪ್ರಾಂಶುಪಾಲರ ಕೈಗೆ. ಅವರು ಅದನ್ನು ತಿರುಗಿಸಿ ನೋಡಿ, ಬಾಯಿಯ ಹತ್ತಿರ ಹಿಡಿದು, ತಮ್ಮ ಮೆತ್ತನೆಯ ದನಿಯಲ್ಲಿ ಕೇಳಿದರು: "ಮೇಡಂ, ತಪ್ಪು ಬಂದ್ರ ನಿಮಗ ಹ್ಯಾಂಗ ಗೊತ್ತಾಗ್ತದ?"

ಗೋಡೆ ಖಾಲಿ ಇತ್ತು. ಹಂಚಿ ಕಳಿಸಿದ್ದನ್ನು ಕೂಡಿಸಲು ನಮ್ಮ ಯಂತ್ರಕ್ಕೆ ಸ್ವಲ್ಪ ಹೊತ್ತು ಬೇಕು. ಅದು ನಮಗೆ ಗೊತ್ತಿತ್ತು, ಕೂತವರಿಗೆ ಗೊತ್ತಿರಲಿಲ್ಲ. ಯಾರೋ ಕೆಮ್ಮಿದರು. ಮನ್ನಳ್ಳಿಯ ಗೆಳತಿ ನನ್ನ ತೋಳನ್ನು ಉಗುರೂರಿ ಹಿಡಿದಿದ್ದಳು. ಆಮೇಲೆ ಅಕ್ಷರಗಳು ಒಂದೊಂದಾಗಿ ಬಂದವು: ಮೇಡಂ ತುಪ್ಪ ಬಂದ್ರ ನಿಮಗ ಹಂಗ ಗೊತ್ತಾಗ್ತದ.

ತರಗತಿ ನಗು ತಡೆದುಕೊಳ್ಳಲು ಹೆಣಗಿತು. ಮೇಡಂ ತಡೆದುಕೊಳ್ಳಲಿಲ್ಲ.

"ತುಪ್ಪ ಬಂದ್ರ ವಾಸನಿಯಿಂದ ಗೊತ್ತಾಗ್ತದರಿ ಸರ್!" ಎಂದರು. ನಗು ಒಡೆಯಿತು. ಪ್ರಾಂಶುಪಾಲರೂ ನಕ್ಕರು. "ತಪ್ಪು ಬಂದ್ರ ಅರ್ಥದಿಂದ ಗೊತ್ತಾಗ್ತದ. ನನ್ನ ಪಾಠದಾಗ ಯಾರೂ ತುಪ್ಪ ಕೇಳೂದಿಲ್ಲರಿ, ತಪ್ಪು ಕೇಳ್ತಾರ. ರೇಡಿಯೊದ ತಪ್ಪು ಈ ಹುಡುಗ್ಯಾರ ಯಂತ್ರ ತಿದ್ದತದ. ಫೋನಿನ ತಪ್ಪು ನಾ ತಿದ್ದಿಕೋತೇನಿ. ಅದಕ್ಕೂ ಮೀರಿದ್ದು ಬಂದ್ರ, ಬ್ಯಾರೆ ಮಾತಿನಾಗ ಹೇಳ್ರಿ ಅಂತೀನಿ."

ಆಮೇಲೆ ಡಬ್ಬಿ ಬೆಂಚಿನಿಂದ ಬೆಂಚಿಗೆ ಓಡಿತು. ಹಿಂದೆಂದೂ ಬಾಯಿ ತೆರೆಯದವರೆಲ್ಲ ಕೇಳತೊಡಗಿದರು. ಗೋಡೆಯ ಮೇಲೆ ತಪ್ಪು ಮೂಡಿದಾಗ ತರಗತಿಯೇ ಒಟ್ಟಾಗಿ ಅದನ್ನು ತಿದ್ದುತ್ತಿತ್ತು. ಗಂಟೆ ಬಾರಿಸಿದ್ದು ಮೇಡಂಗಂತೂ ಕೇಳಲಿಲ್ಲ, ನಮಗೂ ಕೇಳಲಿಲ್ಲ. ಕೊನೆಗೆ ಮೇಡಂ ಹಲಗೆ ಒರೆಸಲು ತಿರುಗಿದರು. ಆ ಹೊತ್ತಿಗೆ ಮುಖ್ಯಸ್ಥರು ಡಬ್ಬಿ ಹಿಡಿದು ಏನೋ ಹೇಳಿದರು. ಮೇಡಂ ನೋಡಲಿಲ್ಲ, ಅವರ ಬೆನ್ನು ನಮ್ಮ ಕಡೆಗಿತ್ತು. ಪಕ್ಕದ ಪರದೆಯ ಮೇಲೆ ಅವರಿಗಿಂತ ಮೊದಲು ನಾವೆಲ್ಲ ಓದಿದೆವು: ಸೋಮವಾರದಿಂದ ನಿಮ್ಮ ಪಾಠ ನೀವೇ ತಗೋರಿ.

ಆ ಸಾಲಿನಲ್ಲಿ ಒಂದೇ ಒಂದು ತಪ್ಪಿರಲಿಲ್ಲ.

ಹುಡುಗರು ಬೆಂಚು ಬಡಿಯತೊಡಗಿದರು. ಸದ್ದು ಅವರಿಗೆ ಕೇಳಲಿಲ್ಲ. ಆದರೆ ಪಾಠದ ಕಟ್ಟೆ ಮರದ್ದು, ಕಾಲಿಗೆ ನಡುಕ ತಿಳಿದಿರಬೇಕು. ತಿರುಗಿದರು. ಎದ್ದು ನಿಂತ ನಮ್ಮನ್ನು ನೋಡಿದರು, ನಮ್ಮ ಕಣ್ಣು ಹೋದ ಕಡೆ ಪರದೆಯನ್ನು ನೋಡಿದರು. ಓದಿದರು. ಒರೆಸುವ ಬಟ್ಟೆ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದುಕೊಂಡರು. ಕೈ ತೆಗೆದಾಗ ಮೂಗು, ತುಟಿ, ಗದ್ದ ಎಲ್ಲ ಬಿಳಿ. "ಸೋಮವಾರ ಯಾಕರಿ ಸರ್" ಎಂದರು, "ನಾಳಿನೇ ತಗೋತೇನಿ."

ಹಾಗೆ ಅವರು ನಿವೃತ್ತಿಯಾಗುವವರೆಗೂ ಪಾಠ ಮಾಡಿದರು. ನಮ್ಮ ಸಾಬೂನಿನ ಡಬ್ಬಿಯನ್ನು ಪ್ರತಿವರ್ಷ ಹೊಸ ಹುಡುಗರು ಬಿಚ್ಚಿ ಇನ್ನಷ್ಟು ಚೆನ್ನಾಗಿ ಮಾಡಿದರು. ಹೊಸ ಡಬ್ಬಿ ಬಂದಾಗಲೆಲ್ಲ ಮೇಡಂ ನಮಗೆ ಅದರ ಚಿತ್ರ ಕಳಿಸುತ್ತಿದ್ದರು. ನಾನು ಬೀದರಿನ ಪಕ್ಕದ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದೆ. ಹೊಲದ ಪಂಪನ್ನು ಮನೆಯಿಂದಲೇ ರೇಡಿಯೊ ಮೂಲಕ ನಡೆಸುವ ಯಂತ್ರಗಳನ್ನು ಅಲ್ಲಿ ಮಾಡುತ್ತೇವೆ. ಗುಡುಗು-ಮಿಂಚಿನಲ್ಲೂ 'ನಿಲ್ಲು' ಎಂದದ್ದು 'ಓಡು' ಎಂದು ಮುಟ್ಟದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸಂದರ್ಶನದಲ್ಲಿ ನನಗೆ ಕೇಳಿದ ಮೊದಲ ಪ್ರಶ್ನೆಗೆ ನಾನು ಜೀಪಿನ ಕತೆಯನ್ನೇ ಹೇಳಿದೆ. ಕೇಳಿದವರು ನಕ್ಕು, ಮುಂದಿನ ಪ್ರಶ್ನೆಯನ್ನೇ ಕೇಳಲಿಲ್ಲ.

ಹೋದ ವರ್ಷ ಕಾಲೇಜಿನವರು ಕರೆದು, ವಾರಕ್ಕೊಂದು ದಿನ ಬಂದು ಮೇಡಂ ವಿಷಯದ ಪಾಠ ಮಾಡುತ್ತೀರಾ ಎಂದರು. ನನ್ನ ಮೊದಲ ತರಗತಿಗೆ ಮೇಡಂ ಭಾಲ್ಕಿಯಿಂದ ಬಂದರು. ನನಗೆ ಹೇಳಿರಲಿಲ್ಲ. ಹಿಂದಿನ ಬೆಂಚಿನ ತುದಿಯಲ್ಲಿ ಹುಡುಗಿಯರ ನಡುವೆ ಕೂತು, ಮಡಿಲಲ್ಲಿ ಫೋನಿಟ್ಟುಕೊಂಡು, ನನ್ನ ಮಾತು ಅಕ್ಷರವಾಗಿ ಬರುವುದನ್ನು ಓದುತ್ತ, ಆಗಾಗ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು. ನಾನು ಹೆದರಿ ಬಿರಬಿರನೆ ಹೇಳುತ್ತ ಹೋದೆ. ಹಲಗೆ ತುಂಬಿತು, ಒರೆಸಿದೆ, ಮತ್ತೆ ತುಂಬಿತು. ತರಗತಿ ಗಪ್‌ಚಿಪ್. ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಚೆನ್ನಾಗಿಯೇ ನಡೆಯುತ್ತಿದೆ ಎಂದುಕೊಂಡೆ.

ಗಂಟೆಗಿಂತ ಸ್ವಲ್ಪ ಮೊದಲು ಮೇಡಂ ಎದ್ದರು. ಭಾಲ್ಕಿಯ ಗಾಡಿಯ ಹೊತ್ತಾಗಿತ್ತು. ಬೆಂಚುಗಳ ನಡುವೆ ನಡೆದು ಮುಂದೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಅವರಿಂದ ನನಗೆ ಸಿಕ್ಕದ್ದು ಎಷ್ಟೆಂದು ಆ ಕೈಯ ಭಾರದಲ್ಲಿ ನನಗೆ ತಿಳಿಯಿತು. ಅವರು ಬಾಗಿಲವರೆಗೆ ಹೋಗಿ, ಹೊಸ್ತಿಲ ಮೇಲೆ ನಿಂತು, ತಿರುಗಿ, ನನಗಲ್ಲ, ತರಗತಿಗೆ ಹೇಳಿದರು:

"ಈಕಿಗೆ ಪ್ರಶ್ನಿ ಕೇಳ್ರಿ. ನೀವು ಕೇಳಲಿಲ್ಲಂದ್ರ ಈಕಿಗೆ ಏನ ಕೇಳಸಬೇಕು?"

ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುತ್ತ ದೂರವಾಯಿತು. ನಾನು ಸೀಮೆಸುಣ್ಣ ಕೆಳಗಿಟ್ಟು ತರಗತಿಯತ್ತ ತಿರುಗಿದೆ. ತುಸು ಹೊತ್ತಿನ ಮೇಲೆ, ಕಿಟಕಿಯ ಪಕ್ಕದಲ್ಲಿ ಗೋಡೆಗೆ ಅಂಟಿಕೊಂಡು ಕೂತಿದ್ದ ಒಬ್ಬ ಹುಡುಗಿ, ಸುತ್ತಲೂ ಒಮ್ಮೆ ನೋಡಿ, ಮೆಲ್ಲಗೆ ಕೈ ಎತ್ತಿದಳು.